ರಕ್ತದಲ್ಲಿ ಸಿಗದ ನಿದ್ದೆ

ನನ್ನ ರಕ್ತದಷ್ಟು ಒಳ್ಳೆಯ ನಡತೆಯ ರಕ್ತ ಇಡೀ ಡೊಂಬಿವಲಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಹೈಸ್ಕೂಲಿನ ದಿನಗಳಿಂದ ಕೆಲಸಕ್ಕೆ ಸೇರುವವರೆಗೆ ಅದನ್ನು ಎಷ್ಟು ಸಲ ಸೂಜಿ ಚುಚ್ಚಿ ತೆಗೆದರೋ ಲೆಕ್ಕವಿಟ್ಟವರಿಲ್ಲ. ಪ್ರತಿ ಸಲವೂ ಅದು ಪಾಸಾಗಿ ಬರುತ್ತಿತ್ತು. ಹಿಮೋಗ್ಲೋಬಿನ್ ಸರಿ, ಥೈರಾಯ್ಡ್ ಸರಿ, ಸಕ್ಕರೆ ಸರಿ, ವಿಟಮಿನ್ನುಗಳೂ ಸರಿ. ಸರಿ ಇಲ್ಲದವಳು ನಾನೊಬ್ಬಳೇ. ಹಾಡುಹಗಲಲ್ಲಿ, ಕೈಯಲ್ಲಿ ಅನ್ನದ ತುತ್ತು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆ.

ಅದೂ ಎಲ್ಲಿ? ಹೋಟೆಲಿನವರ ಮನೆಯಲ್ಲಿ. ನಮ್ಮಪ್ಪ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಟೇಬಲ್ ಒರೆಸಿ, ಕಾಫಿ ಮಾಡಲು ಕಲಿತು, ಕೊನೆಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ತಮ್ಮದೇ ಒಂದು ಸಣ್ಣ ಹೋಟೆಲು ಹಾಕಿಕೊಂಡವರು. ಬೆಳಕು ಹರಿಯುವ ಮೊದಲೇ ಅವರು ಮನೆ ಬಿಟ್ಟಾಗಿರುತ್ತಿತ್ತು. ಅಮ್ಮ ಹೋಟೆಲಿಗೆ ಬೇಕಾದ ಸಾರಿನಪುಡಿ, ಉಪ್ಪಿನಕಾಯಿ ಎಲ್ಲ ಮನೆಯಲ್ಲೇ ಮಾಡಿ ಕಳಿಸುತ್ತಿದ್ದಳು. ಇಂಥ ಮನೆಗಳಲ್ಲಿ ಸುಳ್ಳು ಹೇಳಿದರೆ ಕ್ಷಮೆ ಉಂಟು, ಪರೀಕ್ಷೆಯಲ್ಲಿ ಫೇಲಾದರೂ ಉಂಟು. ಹಗಲು ಮಲಗಿದರೆ ಇಲ್ಲ. ಅಪ್ಪನ ಜೊತೆ ಊರಿನಿಂದ ಬಂದವರಲ್ಲಿ ಯಾರು ಯಾರು ನಿದ್ದೆಗೆ ಸೋತು ಊರಿಗೆ ವಾಪಸಾದರು ಎನ್ನುವ ಕಥೆಗಳನ್ನು ಬೇರೆ ತಾಯಂದಿರು ಮಕ್ಕಳಿಗೆ ರಾಕ್ಷಸರ ಕಥೆ ಹೇಳುವ ಹಾಗೆ ಅಮ್ಮ ನನಗೆ ಹೇಳಿ ಬೆಳೆಸಿದ್ದಳು.

ನಮ್ಮ ಕಡೆ ಸೋಮಾರಿತನಕ್ಕೆ ಉದಾಸೀನ ಎನ್ನುತ್ತಾರೆ. "ಅವಳಿಗೆ ಎಂತ ಆಗಿಲ್ಲ, ಉದಾಸೀನ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ನೆರೆಮನೆಯ ಮರಾಠಿ ಕಾಕುವಿಗೆ ಹೇಳಲು ಅದನ್ನೇ ಮರಾಠಿಯಲ್ಲೂ ಕಲಿತುಕೊಂಡಿದ್ದಳು. ಜಗತ್ತು ನನ್ನನ್ನು ಸೋಮಾರಿ ಎಂದರೆ ನನಗೇನೂ ಆಗುತ್ತಿರಲಿಲ್ಲ, ಜಗತ್ತು ಹಾಳಾಗಿ ಹೋಗಲಿ. ಆದರೆ ನಾನು ಬೇಕೆಂದು ನಿದ್ದೆ ಮಾಡುತ್ತಿಲ್ಲ ಎನ್ನುವುದನ್ನು ಅಮ್ಮ ನಂಬಬೇಕಿತ್ತು. ನನ್ನ ಇಪ್ಪತ್ತರ ಹರೆಯ ಪೂರ್ತಿ ನಾನು ಬಯಸಿದ್ದು ಅದೊಂದನ್ನೇ, ಜಗಳವಾಡಿದ್ದೂ ಅದಕ್ಕಾಗಿಯೇ.

ನಿದ್ದೆಯ ಜೊತೆಗೆ ಇನ್ನೊಂದು ಇತ್ತು. ಜೋರಾಗಿ ನಗು ಬಂದರೆ ನನ್ನ ಮೊಣಕಾಲು ಕೈಕೊಡುತ್ತಿತ್ತು. ಕುತ್ತಿಗೆ ವಾಲುತ್ತಿತ್ತು, ದವಡೆ ಸಡಿಲವಾಗುತ್ತಿತ್ತು, ನಿಂತಲ್ಲೇ ಕುಸಿಯುತ್ತಿದ್ದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತಿತ್ತು. ಸುತ್ತಲಿನವರು ಆಡುವ ಒಂದೊಂದು ಮಾತೂ ಕೇಳುತ್ತಿತ್ತು, ಉತ್ತರ ಕೊಡಲು ಬಾಯಿ ಬರುತ್ತಿರಲಿಲ್ಲ. ಒಂದೆರಡು ನಿಮಿಷದಲ್ಲಿ ಏನೂ ಆಗದವಳ ಹಾಗೆ ಎದ್ದು ಕೂರುತ್ತಿದ್ದೆ. ಅದಕ್ಕೇ ನೋಡಿದವರಿಗೆ ಅದು ನಾಟಕವಾಗಿ ಕಾಣುತ್ತಿತ್ತು. ಸಿಟ್ಟು ನೆತ್ತಿಗೇರಿದಾಗಲೂ ಕೆಲವು ಸಲ ಹೀಗೇ ಆಗುತ್ತಿತ್ತು. ಸಿಟ್ಟಿಗೆ ನನ್ನಲ್ಲಿ ಬರ ಇರಲಿಲ್ಲ.

ಕನ್ನಡ ಸಂಘದವರ ಗಣಪತಿ ಹಬ್ಬದಲ್ಲಿ ಒಮ್ಮೆ ಒಂದು ನಗೆನಾಟಕ ಇತ್ತು. ಗಂಡನ ಪಾತ್ರದವನ ಧೋತರ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಅದು ನಾಟಕದಲ್ಲಿ ಇದ್ದದ್ದೋ ನಿಜವಾಗಿ ಆದದ್ದೋ, ನಾನಂತೂ ನಕ್ಕು ನಕ್ಕು ಕುರ್ಚಿಯಿಂದ ಜಾರಿ ಮುಂದಿನ ಸಾಲಿನ ಹೆಂಗಸಿನ ಕಾಲ ಬಳಿ ಬಿದ್ದೆ. ಆಗ ನಾನು ಕಾಲೇಜಿಗೆ ಹೋಗುವ ಹುಡುಗಿ. ಅಮ್ಮನಿಗೆ ಅವಮಾನವಾಯಿತು. ಮನೆಗೆ ಬರುವ ರಿಕ್ಷಾದಲ್ಲಿ ಅವಳು ಒಂದೇ ಮಾತು ಹೇಳಿದ್ದು: "ಇನ್ನು ನಾಲ್ಕು ಜನರ ಎದುರು ನಗಬೇಡ." ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನನ್ನು ಕೆಳಗಿನ ಪೆಥಾಲಜಿ ಲ್ಯಾಬಿಗೆ ಕರೆದುಕೊಂಡು ಹೋದಳು.

ರಿಪೋರ್ಟು ಸಂಜೆ ಬಂತು. ಎಲ್ಲ ನಾರ್ಮಲ್. ಅಮ್ಮ ಅದನ್ನು ದೇವರ ಫೋಟೋದ ಎದುರು ಇಟ್ಟು ಕೈಮುಗಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಮಾಧಾನವೂ ಇತ್ತು, ಕಳ್ಳಿ ಸಿಕ್ಕಿಬಿದ್ದಳು ಎನ್ನುವ ಗೆಲುವೂ ಇತ್ತು. ಹೈಸ್ಕೂಲಿನಲ್ಲಿ ಅಪರೂಪಕ್ಕೆ ನಡೆಯುತ್ತಿದ್ದದ್ದು ಅಲ್ಲಿಂದ ಮುಂದೆ ಒಂದು ಪದ್ಧತಿಯೇ ಆಗಿಹೋಯಿತು. ನಾನು ಎಲ್ಲಾದರೂ ಬಿದ್ದರೆ, ಇಲ್ಲವೇ ಯಾರದಾದರೂ ಮದುವೆಯಲ್ಲಿ ಊಟದ ಸಾಲಿನಲ್ಲಿ ತೂಕಡಿಸಿದರೆ, ಮರುದಿನ ರಕ್ತ. ಸಂಜೆ ನಾರ್ಮಲ್. ಆಮೇಲೆ ಬೈಗುಳ. ಕಬ್ಬಿಣದ ಮಾತ್ರೆ ಕೊಟ್ಟರು, ಸೂಜಿ ಹಾಕಿಸಿದರು, ಊರಿಗೆ ಫೋನು ಮಾಡಿ ಜೋಯಿಸರಲ್ಲಿ ಪ್ರಶ್ನೆಯನ್ನೂ ಇಡಿಸಿದರು. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ ಬರುವ ಗಬ್ಬುವಾಸನೆಗೆ ತಲೆ ಭಾರವಾಗುತ್ತದೆ ಎಂದು ಅಪ್ಪನಿಗೆ ಸ್ವಲ್ಪ ಕಾಲ ಅನುಮಾನವಿತ್ತು. ಆದರೆ ಅದೇ ವಾಸನೆ ಕುಡಿದ ನನ್ನ ತಮ್ಮ ಇಡೀ ದಿನ ಕ್ರಿಕೆಟ್ ಆಡುತ್ತಿದ್ದ.

ಬೇರೆಯವರಿಗೆ ಜ್ವರ ಬಂದರೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ಕಾಲು ಮುರಿದರೆ ಎಕ್ಸ್-ರೇ ಹೇಳುತ್ತದೆ. ನನಗೆ ಸಾಕ್ಷಿ ಇರಲಿಲ್ಲ. ಒಮ್ಮೆಯಾದರೂ ಆ ರಿಪೋರ್ಟಿನಲ್ಲಿ ಒಂದು ಅಂಕಿ ಕೆಂಪು ಅಕ್ಷರದಲ್ಲಿ ಬರಲಿ, ನನಗೆ ಏನಾದರೂ ಆಗಿರಲಿ ಎಂದು ನಾನು ಬೇಡಿಕೊಂಡದ್ದುಂಟು. ಆರೋಗ್ಯವಂತ ರಕ್ತದ ಮೇಲೆ ಇಷ್ಟು ಹೊಟ್ಟೆ ಉರಿದುಕೊಂಡವಳು ಬೇರೆ ಯಾರಾದರೂ ಇದ್ದರೆ ನನಗೆ ಅವಳ ಪರಿಚಯ ಮಾಡಿಕೊಳ್ಳಬೇಕು ಎನಿಸುತ್ತದೆ.

ನನ್ನ ಕಾಯಿಲೆಯನ್ನು ಯಾರೂ ಕಾಯಿಲೆ ಎನ್ನದ ಜಾಗ ಒಂದಿತ್ತು. ಲೋಕಲ್ ಟ್ರೇನಿನ ಲೇಡಿಸ್ ಡಬ್ಬಿ. ಓದು ಮುಗಿಸಿ ನನಗೆ ಐರೋಲಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಗಾಡಿ ಬದಲಿಸಿ ಐರೋಲಿ. ಈ ಊರುಗಳಲ್ಲಿ ಎಲ್ಲರೂ ಟ್ರೇನಿನಲ್ಲಿ ನಿದ್ದೆ ಮಾಡುವವರೇ. ಕೂತವರು ಮಾಡುತ್ತಾರೆ, ನಿಂತವರು ಕಂಬಿ ಹಿಡಿದುಕೊಂಡು ಮಾಡುತ್ತಾರೆ, ಬೆಳ್ಳುಳ್ಳಿ ಸುಲಿಯುತ್ತಾ ಸುಲಿಯುತ್ತಾ ಮಾಡುತ್ತಾರೆ. ನಮ್ಮ ಗುಂಪಿನ ಹೆಂಗಸರು ನನಗೆ ಕಿಟಕಿಯ ಬದಿ ಬಿಟ್ಟುಕೊಟ್ಟು, ಠಾಣೆ ಬರುವಾಗ "ಉಠ ಗಂ ಬಾಳಾ" ಎಂದು ಭುಜ ತಟ್ಟಿ ಎಬ್ಬಿಸುತ್ತಿದ್ದರು. ಅವರ ಕಣ್ಣಿಗೆ ನಾನು ದುಡಿದು ದಣಿದ ಹುಡುಗಿ. ಮನೆಯಲ್ಲಿ ಸಿಗದ ಮರ್ಯಾದೆ ನನಗೆ ಅಲ್ಲಿ ಸಿಕ್ಕಿತು. ಅದೇ ನನಗೆ ಮೋಸವನ್ನೂ ಮಾಡಿತು. ಇಷ್ಟು ಜನ ಹೀಗೆ ಮಲಗುವಾಗ ನನ್ನದೇನು ವಿಶೇಷ ಎಂದು ನಾನೂ ಎಷ್ಟೋ ತಿಂಗಳು ಸುಮ್ಮನಿದ್ದೆ. ಅವರು ಮಲಗಿ ಎದ್ದರೆ ಅವರ ನಿದ್ದೆ ಮುಗಿಯುತ್ತಿತ್ತು, ನನ್ನದು ಮುಗಿಯುತ್ತಿರಲಿಲ್ಲ. ಆ ವ್ಯತ್ಯಾಸ ಹೊರಗಿನಿಂದ ಕಾಣುವಂಥದ್ದಲ್ಲ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅಮೆರಿಕದ ಆಸ್ಪತ್ರೆಗಳಿಂದ ರೋಗಿಗಳ ಟಿಪ್ಪಣಿಗಳು ನಮ್ಮ ಕಂಪ್ಯೂಟರಿಗೆ ಬರುತ್ತಿದ್ದವು. ಹೆಸರು ಅಳಿಸಿರುತ್ತಿತ್ತು. ಡಾಕ್ಟರು ಬರೆದದ್ದನ್ನು ಓದಿ, ಪ್ರತಿ ಕಾಯಿಲೆಗೂ ಅದರದೇ ಆದ ಕೋಡ್ ಸಂಖ್ಯೆಯನ್ನು ಹಾಕಿ ವಿಮೆಯವರಿಗೆ ಕಳಿಸುವುದು ನಮ್ಮ ಪಾಲಿನ ಕೆಲಸ. ಜಗತ್ತಿನ ಎಲ್ಲ ರೋಗಕ್ಕೂ ಕೋಡ್ ಇದೆ. ಆಮೆ ಕಚ್ಚಿದರೂ ಕೋಡ್ ಇದೆ ಎಂದು ನಾವು ನಗುತ್ತಿದ್ದೆವು, ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಗುತ್ತಿದ್ದೆ.

ಒಂದು ದಿನ ಊಟದ ಮೊದಲು ಒಬ್ಬ ಹೆಂಗಸಿನ ಟಿಪ್ಪಣಿ ಬಂತು. ಶಾಲೆಯ ದಿನಗಳಿಂದ ಹಗಲು ನಿದ್ದೆ. ಊಟದ ನಡುವೆ ನಿದ್ದೆ. ರಕ್ತ ಪರೀಕ್ಷೆಗಳೆಲ್ಲ ಸಹಜ. ಮನೆಯವರು ಸೋಮಾರಿ ಎಂದು ತಿಳಿದಿದ್ದರು. ನಕ್ಕರೆ ಮೊಣಕಾಲು ಕುಸಿಯುತ್ತದೆ, ಆಗ ಪ್ರಜ್ಞೆ ಇರುತ್ತದೆ. ನಾನು ಮೊದಲ ಸಾಲಿಗೆ ಹಿಂದಿರುಗಿ ಇನ್ನೊಮ್ಮೆ ಓದಿದೆ. ಕೊನೆಯ ಸಾಲಿನಲ್ಲಿ ಡಾಕ್ಟರು ಕಾಯಿಲೆಯ ಹೆಸರು ಬರೆದಿದ್ದರು: ನಾರ್ಕೊಲೆಪ್ಸಿ. ಕೋಡ್ ಪುಸ್ತಕ ತೆರೆದು ನೋಡಿದೆ. ಇತ್ತು. ನಗುವಾಗ ಕುಸಿಯುವುದು ಇದ್ದರೆ ಒಂದು ಸಂಖ್ಯೆ, ಇಲ್ಲದಿದ್ದರೆ ಇನ್ನೊಂದು.

ಖುಷಿಯಾಯಿತೇ ಎಂದರೆ ಇಲ್ಲ, ಮೊದಲು ಬಂದದ್ದು ಕೋಪ. ಎಷ್ಟು ವರ್ಷ! ಆಮೆ ಕಚ್ಚಿದವರಿಗೂ ಜಾಗವಿರುವ ಪುಸ್ತಕದಲ್ಲಿ ನನಗೂ ಒಂದು ಜಾಗ ಮೊದಲಿನಿಂದಲೂ ಇತ್ತು, ನನಗೆ ಯಾರೂ ಹೇಳಿರಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದು ಆ ಹೆಂಗಸಿನ ಕೋಡನ್ನು ಎರಡು ಸಲ ಸರಿನೋಡಿ ಕಳಿಸಿದೆ. ಅವಳ ವಿಮೆಯ ಹಣ ನನ್ನ ತಪ್ಪಿನಿಂದ ತಡವಾಗಬಾರದು ಎಂಬ ಹಟ ನನಗೆ ಬಂದಿತ್ತು.

ಠಾಣೆಯಲ್ಲಿ ಒಬ್ಬ ನರರೋಗ ತಜ್ಞೆಯನ್ನು ನಾನೇ ಹುಡುಕಿದೆ. ಅಮ್ಮ ಬರುತ್ತೇನೆ ಎಂದಳು. ನಂಬಿ ಅಲ್ಲ, ಡಾಕ್ಟರು ನನ್ನ ಬಣ್ಣ ಬಯಲು ಮಾಡುವುದನ್ನು ಕಣ್ಣಾರೆ ನೋಡಬೇಕೆಂದು. ತೊಡೆಯ ಮೇಲೆ ರಿಪೋರ್ಟುಗಳ ದಪ್ಪ ಫೈಲು ಇಟ್ಟುಕೊಂಡು ಕೂತಿದ್ದಳು. ಡಾಕ್ಟರು ಆ ಫೈಲನ್ನು ಒಂದು ಬೆರಳಿನಿಂದ ತೆರೆದು ಮುಚ್ಚಿ ಬದಿಗಿಟ್ಟು, ನನ್ನನ್ನು ಕೇಳಿದರು. ಮಲಗುವ ಮುಂಚೆ ಏನಾದರೂ ಕಾಣುತ್ತದೆಯೇ, ಎಚ್ಚರವಾದಾಗ ಕೈಕಾಲು ಅಲ್ಲಾಡಿಸಲು ಆಗದೆ ಇರುತ್ತದೆಯೇ, ನಗುವಾಗ ಮೊದಲು ಸೋಲುವುದು ಕುತ್ತಿಗೆಯೋ ಕಾಲೋ. ಅಷ್ಟು ವರ್ಷಗಳಲ್ಲಿ ನನ್ನ ರಕ್ತವನ್ನು ಬಿಟ್ಟು ನನ್ನನ್ನು ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು.

ನಿದ್ದೆಯ ಪರೀಕ್ಷೆ ನಡೆಯಿತು. ಒಂದು ರಾತ್ರಿ ತಲೆಗೆಲ್ಲ ತಂತಿ ಅಂಟಿಸಿ ಮಲಗಿಸಿದರು. ಮರುದಿನ ಹಗಲು ಎರಡೆರಡು ಗಂಟೆಗೊಮ್ಮೆ "ಈಗ ಮಲಗಿ" ಎಂದು ಕೋಣೆ ಕತ್ತಲು ಮಾಡಿದರು. ಸಾಮಾನ್ಯ ಜನ ಆಚೀಚೆ ಹೊರಳುತ್ತಾ ಇರುತ್ತಾರಂತೆ. ನಾನು ಪ್ರತಿ ಸಲವೂ ದೀಪ ಆರಿಸಿದ ಕೂಡಲೇ ಮಲಗಿದೆ, ಮಲಗಿದ ಕೂಡಲೇ ಕನಸಿಗೆ ಇಳಿದೆ. ಬದುಕಿನಲ್ಲಿ ಮೊದಲ ಬಾರಿಗೆ ನಿದ್ದೆಯಲ್ಲಿ ನನಗೆ ಫಸ್ಟ್ ಕ್ಲಾಸು.

ಆಮೇಲೆ ಡಾಕ್ಟರು ವಿವರಿಸಿದರು. ಮನುಷ್ಯರನ್ನು ಹಗಲು ಎಚ್ಚರವಾಗಿ ಹಿಡಿದಿಡುವ ಒಂದು ರಾಸಾಯನಿಕ ಮೆದುಳಿನ ನಡುವಿನ ಕೆಲವೇ ಜೀವಕೋಶಗಳಲ್ಲಿ ಹುಟ್ಟುತ್ತದೆ. ನನ್ನ ಮೆದುಳಿನಲ್ಲಿ ಆ ಕೋಶಗಳು ಸತ್ತುಹೋಗಿವೆ. ಅದು ಎಷ್ಟಿದೆ ಎಂದು ಬೆನ್ನುಹುರಿಯ ನೀರಿನಲ್ಲಿ ಅಳೆಯಬಹುದು, ರಕ್ತದಲ್ಲಿ ಆಗುವುದಿಲ್ಲ. ಅಮ್ಮ ಹಿಂದಿಯಲ್ಲಿ ಕೇಳಿದಳು: "ರಕ್ತದಲ್ಲಿ ಎಂತದೂ ಇಲ್ಲವಾ?" ಡಾಕ್ಟರು, ಒಂದು ಜೀನ್ ಪರೀಕ್ಷೆ ಇದೆ, ಇಂಥ ಕಾಯಿಲೆ ಇರುವವರಲ್ಲಿ ಸಾಮಾನ್ಯವಾಗಿ ಆ ಗುರುತು ಸಿಗುತ್ತದೆ, ಬೇಕಾದರೆ ಮಾಡಿಸಿ ಎಂದರು. ಬೇಕಾಗಿತ್ತು. ಅಮ್ಮನಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು. ಕೊನೆಗೂ ನನ್ನ ರಕ್ತ ಬಾಯಿ ಬಿಡಲಿ.

ಬಿಟ್ಟಿತು. ಪಾಸಿಟಿವ್. ನಾನು ಆ ಕಾಗದವನ್ನು ಡಾಕ್ಟರ ಮೇಜಿನ ಮೇಲೆ ಅಮ್ಮನ ಮುಂದೆ ಸರಿಸಿ, "ನೋಡು" ಎಂದೆ. ಆಗ ಆ ಪುಣ್ಯಾತ್ಗಿತ್ತಿ ಡಾಕ್ಟರು ಪ್ರಾಮಾಣಿಕತೆ ತೋರಿಸಿದರು. ಕಾಯಿಲೆ ಇಲ್ಲದ ಎಷ್ಟೋ ಜನರ ರಕ್ತದಲ್ಲೂ ಈ ಗುರುತು ಇರುತ್ತದೆ, ಇದೊಂದರಿಂದಲೇ ಏನೂ ಹೇಳಲಾಗದು ಎಂದು, ಅಮ್ಮನ ಕಡೆ ತಿರುಗಿ, ನಿಮ್ಮಲ್ಲೂ ಇರಬಹುದು ಎಂದರು. ರಕ್ತ ನೋಡಿ ಈ ಕಾಯಿಲೆಯನ್ನು ಖಂಡಿತವಾಗಿ ಹೇಳುವ ಪರೀಕ್ಷೆಗೆ ಹುಡುಕಾಟ ನಡೆದಿದೆ, ಇನ್ನೂ ಸಿಕ್ಕಿಲ್ಲ ಎಂದೂ ಹೇಳಿದರು.

ಠಾಣೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಅಮ್ಮ ನಿಂತಳು. "ಕೇಳಿದೆಯಲ್ಲ? ನನ್ನಲ್ಲೂ ಇರಬಹುದಂತೆ."

"ಹೌದು. ಅದಕ್ಕೇನೀಗ?"

"ನಾನು ಹಗಲು ಮಲಗಿದ್ದು ನೋಡಿದ್ದೀಯಾ ನೀನು? ಒಂದು ದಿನ? ಜ್ವರ ಬಂದಾಗ? ನಿನ್ನನ್ನು ಹೆತ್ತ ಮರುವಾರ?"

ನಾನು ನೋಡಿರಲಿಲ್ಲ. ಅವಳು ಗೆದ್ದೆ ಎನ್ನುವ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಅವಳ ಲೆಕ್ಕ ಸರಳವಾಗಿತ್ತು. ಒಂದೇ ರಕ್ತ ಇಟ್ಟುಕೊಂಡು ಒಬ್ಬಳು ದುಡಿಯುತ್ತಾಳೆ, ಇನ್ನೊಬ್ಬಳು ಮಲಗುತ್ತಾಳೆ, ಅಂದಮೇಲೆ ವ್ಯತ್ಯಾಸ ಇರುವುದು ಉದಾಸೀನದಲ್ಲಿ. ಅಷ್ಟು ಜನರ ನಡುವೆ ಸೇತುವೆಯ ಮೇಲೆ ನನಗೆ ಕಿರುಚಬೇಕು ಎನಿಸಿತು. ತಂತಿ ಅಂಟಿಸಿ ತೆಗೆದ ನಿದ್ದೆಯ ಪರೀಕ್ಷೆ ಅವಳ ಲೆಕ್ಕಕ್ಕೇ ಇಲ್ಲ. ನಿದ್ದೆ ಮಾಡುವವಳನ್ನು ಮಲಗಿಸಿ ನಿದ್ದೆ ಬಂತು ಎಂದು ಬರೆದು ಕೊಡುವುದು ಅದೆಂಥ ಪರೀಕ್ಷೆ ಎಂದು ಅವಳು ಅಪ್ಪನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು.

ಅಂದಿನಿಂದ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಬೆಳಿಗ್ಗೆ ಎಚ್ಚರಕ್ಕೆ ಒಂದು ಮಾತ್ರೆ, ಕುಸಿಯದಿರಲು ಇನ್ನೊಂದು. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಕಚೇರಿಯಲ್ಲಿ ಮ್ಯಾನೇಜರನೂ ಮೊದಲು ಕೇಳಿದ್ದು "ಬ್ಲಡ್ ರಿಪೋರ್ಟ್ ಇದೆಯಾ?" ಎಂದೇ. ಇಲ್ಲ, ಇರುವುದೂ ಇಲ್ಲ, ನಮ್ಮದೇ ಕೋಡ್ ಪುಸ್ತಕದಲ್ಲಿ ನನ್ನ ಕಾಯಿಲೆಯ ಪುಟ ತೆರೆದು ನೋಡಿ ಎಂದೆ. ಅವನು ತೆರೆದು ನೋಡಿದ. ಪ್ರಿಂಟರಿನ ಕಾಗದ ಇಡುವ ಕೋಣೆಯಲ್ಲಿ ನನಗೊಂದು ಚಾಪೆಯ ಜಾಗ ಸಿಕ್ಕಿತು. ಹಾದುಹೋಗುವವರು ಇಣುಕಿ ನಗುತ್ತಿದ್ದರು. ನಗಲಿ. ಕೆಲಸದಲ್ಲಿ ತಪ್ಪು ತೋರಿಸಲು ಅವರಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ನೆರೂಲಿನಿಂದ ಒಂದು ಸಂಬಂಧ ಬಂತು. ನಮ್ಮವರೇ. ನವಿ ಮುಂಬಯಿಯಲ್ಲಿ ಎರಡು ಹೋಟೆಲು, ಹುಡುಗ ಬ್ಯಾಂಕಿನಲ್ಲಿ. ಆ ವರ್ಷಗಳಲ್ಲಿ ನಮ್ಮ ಹೋಟೆಲಿನವರ ಮನೆಗಳಲ್ಲಿ ಒಂದು ಹೊಸ ರೂಢಿ ಶುರುವಾಗಿತ್ತು. ಜಾತಕದ ಜೊತೆಗೆ ರಕ್ತದ ರಿಪೋರ್ಟನ್ನೂ ಕೊಟ್ಟು ತೆಗೆದುಕೊಳ್ಳುವುದು. ಯಾರದೋ ಮನೆಯಲ್ಲಿ ಯಾವುದೋ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ್ದರಂತೆ, ಅಂದಿನಿಂದ ಜೋಯಿಸರ ಪಕ್ಕದಲ್ಲಿ ಲ್ಯಾಬಿನವನಿಗೂ ಒಂದು ಮಣೆ ಸಿಕ್ಕಿತ್ತು. ಹುಡುಗನ ಕಡೆಯವರು ರಿಪೋರ್ಟು ಕೇಳಿದಾಗ ಅಮ್ಮನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ನನ್ನನ್ನು ಬೈಯಲು ಅಷ್ಟು ಕಾಲ ಬಳಸಿದ ಕಾಗದಗಳೆಲ್ಲ ಈಗ ನನ್ನ ಗುಣಗಾನಕ್ಕೆ ಎದ್ದು ನಿಂತವು. ಹೊಸ ಪ್ಲಾಸ್ಟಿಕ್ ಕವರು ಬಂತು.

"ಮಾತ್ರೆಯ ವಿಷಯ ಅವರ ಹತ್ರ ತೆಗೀಬೇಡ" ಎಂದಳು.

"ತೆಗೀತೇನೆ."

"ರಿಪೋರ್ಟಲ್ಲಿ ಇಲ್ಲದ್ದನ್ನು ನೀನು ಯಾಕೆ ಬಾಯಲ್ಲಿ ಹೇಳ್ಬೇಕು ಮಾರಾಯ್ತಿ?"

"ರಿಪೋರ್ಟಲ್ಲಿ ಇಲ್ಲ, ಅದಕ್ಕೇ ಬಾಯಲ್ಲಿ ಹೇಳ್ಬೇಕು."

"ಹೇಳಿ ನೋಡು. ಆಮೇಲೆ ನನ್ನ ಹತ್ರ ಮಾತಾಡ್ಬೇಡ ನೀನು."

ಒಂದು ಭಾನುವಾರ ಮಧ್ಯಾಹ್ನ ಅವರು ಬಂದರು. ಹುಡುಗ, ಅವನ ತಾಯಿ, ತಂದೆ. ಅಪ್ಪ ಹೋಟೆಲನ್ನು ಮಾಣಿಗಳ ಕೈಗೆ ಬಿಟ್ಟು ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡುತ್ತಾ ಇದ್ದರು. ಹುಡುಗನ ತಾಯಿ ಕನ್ನಡಕ ಏರಿಸಿಕೊಂಡು ಫೈಲು ತೆರೆದು, ಒಂದೊಂದೇ ಪುಟ ಓದಿದರು. ಅವರಿಗೆ ಅದೆಲ್ಲ ತಿಳಿಯುತ್ತಿತ್ತು. ಎಲ್ಲಿ ಎಷ್ಟು ಇರಬೇಕು ಎನ್ನುವುದು ಬಾಯಿಪಾಠವಿತ್ತು.

"ಬ್ಲಡ್ ಭಾರಿ ಚಂದ ಉಂಟು ಆಯ್ತಾ" ಎಂದು ಅಮ್ಮನನ್ನು ನೋಡಿ ಮೆಚ್ಚಿ ನಕ್ಕರು. ಅಮ್ಮ ಹೋಳಿಗೆ ಬಡಿಸಿದಳು.

ನಾನು ಹೇಳಿದೆ. ತಟ್ಟೆಯನ್ನು ಕೆಳಗಿಟ್ಟು, ಹುಡುಗನನ್ನೇ ನೋಡಿ, ಎಲ್ಲವನ್ನೂ ಹೇಳಿದೆ. ನನಗೆ ನಾರ್ಕೊಲೆಪ್ಸಿ ಇದೆ, ಇದು ಸಾಯುವವರೆಗೆ ಇರುತ್ತದೆ, ದಿನಾ ಮಾತ್ರೆ ಬೇಕು, ಹಗಲು ಮಲಗಬೇಕು, ಕೆಲವು ಸಲ ನಕ್ಕರೆ ಬೀಳುತ್ತೇನೆ, ಈ ಫೈಲಿನಲ್ಲಿ ಇದು ಯಾವುದೂ ಬರುವುದಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಯ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದಳು. ಇಷ್ಟಕ್ಕೆ ಅವರು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿ ಎಂದೇ ಇದ್ದೆ.

ಅವರು ಎದ್ದು ಹೋಗಲಿಲ್ಲ. ಹುಡುಗ ತಾಯಿಯ ಮುಖ ನೋಡಿ, ನನಗೆ ಹಿಂದಿಯಲ್ಲಿ, "ಅರೇ, ನೀಂದ್ ತೋ ಮುಝೇ ಭೀ ಆತೀ ಹೈ", ನಿದ್ದೆ ನನಗೂ ಬರುತ್ತದಲ್ಲ, ಎಂದ. ಅವನ ತಂದೆ ನಕ್ಕರು. ತಾಯಿ ಫೈಲು ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು.

"ಕಾಯಿಲೆ ಆದ್ರೆ ಇದ್ರಲ್ಲಿ ಬರಬೇಕಲ್ಲ ಮಗಾ? ಎಲ್ಲ ನಾರ್ಮಲ್ ಉಂಟು. ಇದು ಉದಾಸೀನ, ಮತ್ತೆಂತ ಅಲ್ಲ. ಈಗಿನ ಡಾಕ್ಟ್ರುಗಳು ಉದಾಸೀನಕ್ಕೂ ಒಂದು ಹೆಸರಿಟ್ಟು ಮಾತ್ರೆ ಕೊಡ್ತಾರೆ." ಆಮೇಲೆ ಅಮ್ಮನ ಕಡೆ ತಿರುಗಿದರು. "ನೀವು ಕೊಂಡಾಟ ಮಾಡಿ ಬೆಳೆಸಿದ್ದೀರಿ, ಅಷ್ಟೇ. ನಮ್ಮಲ್ಲಿ ಬಂದ ಮೇಲೆ ಆ ಮಾತ್ರೆ ಎಲ್ಲ ಬಿಡಿಸ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಹಿಟ್ಟಿನ ಎದುರು ನಿಲ್ಲಿಸಿದ್ರೆ ಒಂದು ತಿಂಗಳಲ್ಲಿ ಸರಿ ಆಗ್ತಾಳೆ. ನಮಗೆ ಒಪ್ಪಿಗೆ."

ಒಪ್ಪಿಗೆಯಂತೆ! ನನ್ನನ್ನು ಬೇಡ ಎಂದಿದ್ದರೆ ನಾನು ಸಹಿಸುತ್ತಿದ್ದೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಅದರಲ್ಲಿ ಒಂದು ಅಕ್ಷರವನ್ನೂ ನಂಬದೆ, ನನ್ನನ್ನು ರಿಪೇರಿಗೆ ಕೊಂಡುಹೋಗಲು ಒಪ್ಪಿದ್ದರು. ಸಿಟ್ಟು ನೆತ್ತಿಗೇರಿತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟರಲ್ಲಿ ಕುತ್ತಿಗೆ ಸೋತಿತು. ಗಲ್ಲ ಎದೆಗೆ ಬಡಿಯಿತು. ಸೋಫಾದ ಅಂಚಿನಿಂದ ಜಾರಿ, ನಾನು ಅವರ ಕಾಲಿನ ಹತ್ತಿರ ನೆಲದ ಮೇಲೆ ಬಂದು ಬಿದ್ದೆ. ಕಣ್ಣು ಅರೆ ಮುಚ್ಚಿತ್ತು. ಕಿವಿ ಪೂರ್ತಿ ತೆರೆದಿತ್ತು.

"ನೋಡಿ, ನಾಟಕ" ಎಂದರು ಹುಡುಗನ ತಾಯಿ. "ಮದುವೆ ಬೇಡ ಅಂತ ಮಾಡ್ತಾಳೆ. ಒಂದು ಚೊಂಬು ನೀರು ಹಾಕಿ ಮುಖಕ್ಕೆ."

ಆ ಮಾತೂ ನನಗೆ ಹೊಸದಲ್ಲ. ಅಮ್ಮ ಎಷ್ಟೋ ಸಲ ಹಾಕಿದ್ದಾಳೆ. ಈಗಲೂ ಹಾಕುತ್ತಾಳೆ ಎಂದು ಕಾದೆ. ಪಾತ್ರೆ ನೆಲದ ಮೇಲೆ ಇಟ್ಟ ಶಬ್ದ ಕೇಳಿಸಿತು. ಆಮೇಲೆ ಅವಳ ಸೀರೆಯ ಸರಬರ. ಅವಳು ನನ್ನ ಪಕ್ಕ ನೆಲದ ಮೇಲೆ ಕೂತು, ನನ್ನ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅಮ್ಮನಿಗೆ ಮಿತಿಮೀರಿ ಸಿಟ್ಟು ಬಂದಾಗ ಮಾತ್ರ ತುಳು ಬರುತ್ತದೆ.

"ಅವು ಉದಾಸೀನ ಅತ್ತ್" ಎಂದಳು. "ಸೀಕ್."

ಅದು ಉದಾಸೀನ ಅಲ್ಲ, ಕಾಯಿಲೆ. ಅಷ್ಟು ಜನರ ಎದುರು, ಅಷ್ಟು ಸ್ಪಷ್ಟವಾಗಿ. ಹುಡುಗನ ತಾಯಿ ಏನೋ ಹೇಳಲು ಹೊರಟರು, ರಿಪೋರ್ಟು ಎನ್ನುವ ಶಬ್ದ ಕೇಳಿಸಿತು. ಅಮ್ಮ ಬಿಡಲಿಲ್ಲ. "ಅದನ್ನು ಇಲ್ಲಿ ಕೊಡಿ. ನನ್ನ ಮಗಳನ್ನು ಸರಿ ಮಾಡ್ಲಿಕ್ಕೆ ನಿಮ್ಮ ಮನೆಗೆ ಕಳಿಸುದಿಲ್ಲ ನಾನು. ಕಾಫಿ ಕುಡಿದಾಯ್ತಲ್ಲ, ಇನ್ನು ಹೊರಡಿ" ಎಂದಳು. ಮನೆಗೆ ಬಂದವರನ್ನು ಅವಳು ಹಾಗೆ ಕಳಿಸಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಅಪ್ಪ ಗಡಬಡಿಸಿ ಅವರ ಹಿಂದೆ ಲಿಫ್ಟಿನವರೆಗೆ ಹೋದರು.

ನನ್ನ ಕೈಕಾಲಿಗೆ ಬಲ ಬಂತು. ನಾನು ಎದ್ದು ಕೂತೆ. ಅಮ್ಮ ಕಣ್ಣೀರು ಹಾಕಲಿಲ್ಲ, ಅಪ್ಪಿಕೊಳ್ಳಲಿಲ್ಲ. ಎದ್ದು ಹೋಗಿ ಸಿಂಕಿನಲ್ಲಿ ಲೋಟಗಳನ್ನು ಬಡಿದು ಬಡಿದು ತೊಳೆಯಲು ಶುರುಮಾಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಕೃತಜ್ಞತೆ ಬರಬೇಕಿತ್ತು. ಬಂದದ್ದು ಉಳಿದ ಸಿಟ್ಟು.

"ಅವರು ಹೇಳಿದ್ದು ಹೊಸದೆಂತದ್ದು ಇಲ್ಲ, ಅಮ್ಮ. ನೀನು ಇಷ್ಟು ವರ್ಷ ಹೇಳಿದ್ದನ್ನೇ ಹೇಳಿದ್ದು."

"ನಾನು ಹೇಳಬಹುದು" ಎಂದಳು ಬೆನ್ನು ಹಾಕಿಯೇ. "ನಾನು ಹೆತ್ತವಳು. ಅವರು ಯಾರು ಹೇಳ್ಲಿಕ್ಕೆ?"

"ಇನ್ನು ನೀನೂ ಹೇಳುವ ಹಾಗಿಲ್ಲ."

ನೀರು ಸುರಿಯುತ್ತಲೇ ಇತ್ತು. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆಮೇಲೆ ನಲ್ಲಿ ನಿಲ್ಲಿಸಿ ತಿರುಗಿದಳು. ಅವಳ ಮುಖದಲ್ಲಿ ಜಗಳ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ರಕ್ತದಲ್ಲಿ ಬರುದಿಲ್ಲ, ಎಲ್ಲಿಯೂ ಕಾಣುದಿಲ್ಲ. ಮತ್ತೆ ನಾನು ಎಂತ ನೋಡಿ ನಂಬುದು?"

"ನಾನು ಹೇಳ್ತಾ ಇದ್ದೇನಲ್ಲ" ಎಂದೆ. "ಅದಕ್ಕೆ ನಂಬು. ಬೇರೆ ಎಂತದೂ ಇಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹೊರಗೆ ಇನ್ನೂ ಸುಡುವ ಬಿಸಿಲಿತ್ತು, ಕೆಳಗೆ ಮಕ್ಕಳು ಆಡುತ್ತಿದ್ದರು.

"ಆಯ್ತು" ಎಂದಳು. "ಹೋಗಿ ಮಲಗು."

ಹಗಲು ಹೊತ್ತಿನಲ್ಲಿ ಆ ಮಾತನ್ನು ಅವಳು ಆ ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ. ನನಗೆ ಆಗ, ನಂಬಿದರೆ ನಂಬಿ, ಒಂದಿಷ್ಟೂ ನಿದ್ದೆ ಬಂದಿರಲಿಲ್ಲ. ಆದರೂ ಹೋಗಿ ಮಲಗಿದೆ. ಹಗಲು ಕದ್ದು ಮಲಗುವಾಗ ಹಾಕಿಕೊಳ್ಳುತ್ತಿದ್ದ ಬಾಗಿಲನ್ನು ಆ ದಿನ ಹಾಕಿಕೊಳ್ಳಲಿಲ್ಲ.